ಕಾಂಪೌಂಡಿನ ಆಚೆಯ ಪಾಠ: ಬಿಕ್ಕೋಡು ಸೀಮೆ ಮತ್ತು ಶಾಲೆಗಳಲ್ಲಿ ಆರೋಗ್ಯ–ಸುರಕ್ಷತಾ ಶಿಕ್ಷಣದ ಚರಿತ್ರೆ

ಬೇಲೂರಿನಿಂದ ಸಕಲೇಶಪುರದ ಕಡೆಗೆ ಹೊರಟರೆ, ಬಯಲು ಮುಗಿದು ಕಾಫಿ ತೋಟಗಳು ಶುರುವಾಗುವ ಸೀಮೆಯಲ್ಲಿ ಬಿಕ್ಕೋಡು ಇದೆ. ಒಂದೇ ತಾಲ್ಲೂಕಿನಲ್ಲಿ ಹಳೇಬೀಡು ಹೋಬಳಿ ಕೆರೆ, ರಾಗಿ, ಜೋಳದ ಬಯಲುಸೀಮೆ. ಬಿಕ್ಕೋಡು, ಅರೇಹಳ್ಳಿ ಹೋಬಳಿಗಳು ಕಾಫಿ, ಮೆಣಸು, ಗದ್ದೆಯ ಅರೆಮಲೆನಾಡು. ಎರಡೂ ಕಡೆಯ ಸರ್ಕಾರಿ ಶಾಲೆಗಳಿಗೆ ಪಠ್ಯಪುಸ್ತಕ ಒಂದೇ, ಇಲಾಖೆಯ ಸುತ್ತೋಲೆಯೂ ಒಂದೇ. ಮಕ್ಕಳು ದಿನನಿತ್ಯ ಎದುರಿಸುವ ಅಪಾಯ ಮಾತ್ರ ಬೇರೆ ಬೇರೆ. ಆರೋಗ್ಯ ಮತ್ತು ಸುರಕ್ಷತೆಯ ಪಾಠ ಶಾಲೆಗೆ ಕಡ್ಡಾಯವಾಗುತ್ತಾ ಬಂದ ನೂರು ವರ್ಷಗಳ ಚರಿತ್ರೆಯನ್ನು ಈ ವ್ಯತ್ಯಾಸದ ಮೇಲೆ ನಿಂತು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಿಯಮಗಳು ಬಹುಪಾಲು ಎಲ್ಲೋ ದೂರದಲ್ಲಿ ನಡೆದ ದುರಂತದ ಬೆನ್ನಿಗೆ ಹುಟ್ಟಿವೆ, ಶಾಲೆಯ ಕಾಂಪೌಂಡಿನೊಳಗೇ ನಿಂತಿವೆ. ಆಯಾ ಊರಿನ ಅಪಾಯವನ್ನು ಮೊದಲು ಅಳೆದು, ಆಮೇಲೆ ಪಾಠ ಕಟ್ಟಿದ ಸಂದರ್ಭಗಳು ವಿರಳ. ಹಾಗೆ ಅಪಾಯ ಅಳೆದ ಒಂದು ಸಂದರ್ಭ ಬಿಕ್ಕೋಡಿನ ಪಕ್ಕದ ತಾಲ್ಲೂಕಿನಲ್ಲೇ ನಡೆದಿತ್ತು.

ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದು 1913ರಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಆಯ್ದ ಸ್ಥಳಗಳಲ್ಲಿ ಮಾತ್ರ ಜಾರಿಗೆ ಬಂದರೂ ಅದರ ತಾತ್ಪರ್ಯ ದೊಡ್ಡದು. ಮಗುವನ್ನು ಶಾಲೆಗೆ ಕಳಿಸಲೇಬೇಕು ಎಂದು ಹೇಳಿದ ಸರ್ಕಾರಕ್ಕೆ, ಹಾಗೆ ಬಂದ ಮಗುವಿನ ಮೈಯನ್ನೂ ನೋಡಿಕೊಳ್ಳುವ ಹೊಣೆ ತಾನಾಗಿ ಅಂಟಿಕೊಳ್ಳುತ್ತದೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಸಂಸ್ಥಾನಕ್ಕೆ ನೈರ್ಮಲ್ಯದ ಪಾಠವನ್ನು ಅದಾಗಲೇ ಬಲವಂತವಾಗಿ ಕಲಿಸಿತ್ತು. ಆದರೆ ಮಲೆನಾಡಿನ ಶತ್ರು ಪ್ಲೇಗಲ್ಲ, ಚಳಿಜ್ವರ.

ಈ ಚಳಿಜ್ವರದ ಕಥೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಮೀಕ್ಷೆ ಕೈಗೊಂಡಿತು. ಹಿರಿಯೂರು, ನಾಗೇನಹಳ್ಳಿ ಮತ್ತು ಮೂಡಿಗೆರೆಗಳಲ್ಲಿ ಅಧ್ಯಯನ ಕೇಂದ್ರಗಳು ತೆರೆದವು. ಬಯಲಿನ ನೀರಾವರಿಯ ಊರಿಗೂ ಮಲೆನಾಡಿನ ತೊರೆಯ ಊರಿಗೂ ಬೇರೆ ಬೇರೆ ಕೇಂದ್ರ ಎಂಬ ಈ ಯೋಜನೆಯಲ್ಲೇ ವಿವೇಕವಿತ್ತು. ಮೂಡಿಗೆರೆ ಬೇಲೂರು ತಾಲ್ಲೂಕಿಗೆ ನೆರೆ. ಅಲ್ಲಿನ ತೊರೆ, ಗದ್ದೆ, ತೋಟಗಳ ಲಕ್ಷಣವೇ ಬಿಕ್ಕೋಡು ಸೀಮೆಯದೂ. ಈ ಕೆಲಸದಲ್ಲಿ ತೊಡಗಿದ್ದ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ತಜ್ಞರು 1937ರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಒಂದು ತಳಿಯನ್ನು ಗುರುತಿಸಿ ಅದಕ್ಕೆ ‘ಮೈಸೋರೆನ್ಸಿಸ್’ ಎಂದು ಹೆಸರಿಟ್ಟರು. ಕೀಟಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ನಾಡಿನ ಹೆಸರು ಹೀಗೆ ಉಳಿದಿದೆ.

ಆ ಕಾಲದ ಮಲೇರಿಯಾ ಸಮೀಕ್ಷೆಗಳ ವಿಧಾನವೇ ಮಕ್ಕಳನ್ನು ಅವಲಂಬಿಸಿತ್ತು. ಒಂದು ಊರಿನಲ್ಲಿ ಚಳಿಜ್ವರ ಎಷ್ಟು ಬೇರೂರಿದೆ ಎಂದು ತಿಳಿಯಲು ವೈದ್ಯರು ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡ ಪಕ್ಕೆಲುಬಿನ ಕೆಳಗೆ ಬೆರಳೂರಿ ಒತ್ತಿ ನೋಡುತ್ತಿದ್ದರು. ಗುಲ್ಮ ಊದಿಕೊಂಡಿದ್ದರೆ ಬೆರಳಿಗೆ ಗಟ್ಟಿಯಾಗಿ ತಾಗುತ್ತದೆ. ಮಲೆನಾಡಿನವರು ಇದನ್ನೇ ಜ್ವರಗಡ್ಡೆ ಎನ್ನುತ್ತಿದ್ದರು. ನೂರಕ್ಕೆ ಎಷ್ಟು ಮಕ್ಕಳಲ್ಲಿ ಜ್ವರಗಡ್ಡೆ ಇದೆ ಎಂಬ ಲೆಕ್ಕವೇ ಆ ಊರಿನ ಮಲೇರಿಯಾ ಸೂಚ್ಯಂಕ. ಮಗುವಿನ ದೇಹವೇ ಊರಿನ ಅಪಾಯದ ದಾಖಲೆಯಾಗಿತ್ತು.

ಇಂಥ ಅಳತೆಯಿಂದ ಹೊರಡುವ ತಿಳಿವಳಿಕೆ ನಿರ್ದಿಷ್ಟವಾಗಿರುತ್ತದೆ. ನೀರು ನಿಲ್ಲಲು ಬಿಡಬೇಡಿ ಎಂಬ ಸಾಮಾನ್ಯ ಮಾತು ಮಲೆನಾಡಿಗೆ ಸಾಲದು. ಇಲ್ಲಿ ಜ್ವರ ಹರಡುತ್ತಿದ್ದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಮೊಟ್ಟೆಯಿಡುವುದು ಕೊಳೆನೀರಿನಲ್ಲಲ್ಲ. ಹುಲ್ಲು ಬಾಗಿದ ಅಂಚಿನ, ಮೆಲ್ಲಗೆ ಹರಿಯುವ ತಿಳಿಯಾದ ಹಳ್ಳದಲ್ಲಿ. ನೋಡಲು ಶುದ್ಧವಾದ ನೀರೇ ಅಪಾಯದ ಮೂಲ ಎಂಬುದನ್ನು ಮಗುವಿಗೆ ತಿಳಿಸಬೇಕಾದರೆ ಹಳ್ಳದ ದಡಕ್ಕೇ ಕರೆದೊಯ್ಯಬೇಕು. ಅನಾಫಿಲಿಸ್‌ನ ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ, ಕ್ಯುಲೆಕ್ಸ್ ಮರಿ ತಲೆ ಕೆಳಗಾಗಿ ಓರೆಯಾಗಿ ನೇತಾಡುತ್ತದೆ. ಈ ಚಿತ್ರ ಇಂದಿಗೂ ವಿಜ್ಞಾನದ ಪುಸ್ತಕಗಳಲ್ಲಿದೆ. ಬಟ್ಟಲಲ್ಲಿ ನೀರು ಮೊಗೆದು ಬೆಳಕಿಗೆ ಹಿಡಿದರೆ ಮೂರನೆಯ ತರಗತಿಯ ಮಗುವೂ ಎರಡನ್ನೂ ಬೇರೆ ಮಾಡಿ ಹೇಳಬಲ್ಲದು.

ಅದೇ ಹೊತ್ತಿಗೆ, 1929ರಲ್ಲಿ, ಮಂಡ್ಯದಲ್ಲಿ ರಾಕ್‌ಫೆಲರ್ ನೆರವಿನ ಹೆಲ್ತ್ ಯೂನಿಟ್ ಆರಂಭವಾಯಿತು. ರೋಗ ಬಂದಮೇಲೆ ಔಷಧ ಕೊಡುವುದರ ಬದಲು, ಬಾರದಂತೆ ಹಳ್ಳಿಯೊಳಗೇ ಕೆಲಸ ಮಾಡುವ ಕಲ್ಪನೆ ಅದು. ಮುಂದೆ ಡಿಡಿಟಿ ಬಂತು. 1946ರಲ್ಲಿ ಆಗಿನ ಮುಂಬಯಿ ಪ್ರಾಂತದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಮನೆಗೆ ಸಿಂಪಡಿಸಿದ ಪ್ರಯೋಗ ದೇಶಕ್ಕೇ ಮಾದರಿಯಾಯಿತು; 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮಲೆನಾಡು ಉಸಿರಾಡುವಂತಾಯಿತು. ಜ್ವರದ ಜತೆಗೆ, ಊರನ್ನು ನೋಡಿ ಪಾಠ ಹೇಳುವ ಕ್ರಮವೂ ಹಿಂದೆ ಸರಿಯಿತು ಎಂಬುದು ನನ್ನ ಅಭಿಪ್ರಾಯ. ಸಿಂಪಡಿಸುವ ತಂಡ ಬಂದುಹೋದರೆ ಸಾಕು, ಮಗು ಹಳ್ಳದ ದಡಕ್ಕೆ ಹೋಗಬೇಕಾದ ಅಗತ್ಯ ಉಳಿಯಲಿಲ್ಲ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸಮಿತಿಗಳ ಕಾಲ. 1946ರ ಭೋರ್ ಸಮಿತಿ ಶಾಲಾ ಆರೋಗ್ಯ ಸೇವೆಯನ್ನು ಒತ್ತಿ ಹೇಳಿತು. 1956ರಲ್ಲಿ ಕೇಂದ್ರ ಆರೋಗ್ಯ ಶಿಕ್ಷಣ ಬ್ಯೂರೋ ಸ್ಥಾಪನೆಯಾಯಿತು. 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಶಾಲಾ ಆರೋಗ್ಯ ಸಮಿತಿ ಮರುವರ್ಷ ವರದಿ ಕೊಟ್ಟಿತು. ಕರ್ನಾಟಕದ ಮಟ್ಟಿಗೆ ಕಾನೂನಿನ ನೆಲೆ ಸಿಕ್ಕಿದ್ದು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ. ಅದರ 7ನೇ ಪ್ರಕರಣ ಪಠ್ಯಕ್ರಮದಲ್ಲಿ ಜನಸಂಖ್ಯಾ ಶಿಕ್ಷಣ, ದೈಹಿಕ ಶಿಕ್ಷಣ, ಆರೋಗ್ಯ ಶಿಕ್ಷಣ, ಕ್ರೀಡೆಗಳನ್ನು ಸೇರಿಸಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಅದು ಅವಕಾಶ, ಕಡ್ಡಾಯವಲ್ಲ. ಕಾಯ್ದೆ ಜಾರಿಗೆ ಬರುವ ಹೊತ್ತಿಗೆ 1995 ಆಗಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದಿತು. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ಹೊಣೆ ಇರುವ ಒಬ್ಬಿಬ್ಬರು ಶಿಕ್ಷಕರ ಮೇಲೇ ಬೀಳುತ್ತದೆ.

ಅದೇ ದಶಕದಲ್ಲಿ ರಾಜ್ಯ ಒಂದು ಹೆಜ್ಜೆ ಹಿಂದಿಟ್ಟದ್ದನ್ನೂ ಹೇಳಬೇಕು. ಏಡ್ಸ್ ತಡೆಯ ಕಾಳಜಿಯಿಂದ ಕೇಂದ್ರ ರೂಪಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಹಲವು ರಾಜ್ಯಗಳು ನಿರಾಕರಿಸಿದವು, ಕರ್ನಾಟಕವೂ ಅವುಗಳಲ್ಲಿ ಒಂದು. ಮಕ್ಕಳಿಗೆ ಅವರ ದೇಹದ ಬಗ್ಗೆ ತಿಳಿಸುವುದು ಸಂಸ್ಕೃತಿಗೆ ಧಕ್ಕೆ ಎಂಬ ವಾದ ಗೆದ್ದಿತು. ಆ ನಿರ್ಧಾರ ತಪ್ಪಾಗಿತ್ತು. ಐದು ವರ್ಷದ ನಂತರ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಬಂದಾಗ, ದೂರು ಕೊಡಲು ಬೇಕಾದ ಮಾತೇ ಮಗುವಿನ ಬಳಿ ಇಲ್ಲದಿದ್ದರೆ ಕಾಯ್ದೆ ಏನು ಮಾಡೀತು ಎಂಬ ಪ್ರಶ್ನೆ ಎದುರಾಯಿತು.

ಸುರಕ್ಷತೆಯ ನಿಯಮಗಳಿಗೆ ನಿಜವಾದ ಬಿಗಿ ತಂದದ್ದು ಬೆಂಕಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಶಾಲೆಯೊಂದರ ಅಡುಗೆಮನೆಯಿಂದ ಹುಲ್ಲಿನ ಚಾವಣಿಗೆ ಹತ್ತಿದ ಬೆಂಕಿಯಲ್ಲಿ 94 ಮಕ್ಕಳು ಸತ್ತರು. ಆ ದುರಂತದ ಹಿನ್ನೆಲೆಯ ಅವಿನಾಶ್ ಮೆಹ್ರೋತ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರ ಏಪ್ರಿಲ್ 13ರಂದು ತೀರ್ಪಿತ್ತು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಕವಾಗಿದೆ ಎಂದಿತು. ಬೆಂಕಿ ಆರಿಸುವ ಸಾಧನ, ಕಟ್ಟಡದ ತಪಾಸಣೆ, ಸಿಬ್ಬಂದಿಗೆ ತರಬೇತಿ ಎಲ್ಲವೂ ಇಲ್ಲಿಂದ ಕಡ್ಡಾಯ. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆ ಎಲ್ಲ ಹವಾಮಾನಕ್ಕೂ ತಾಳುವ ಕಟ್ಟಡ, ಹುಡುಗ–ಹುಡುಗಿಯರಿಗೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಕಾಂಪೌಂಡು ಅಥವಾ ಬೇಲಿ ಬೇಕೆಂದಿತು. 17ನೇ ಪ್ರಕರಣದಲ್ಲಿ ಹೊಡೆಯುವುದನ್ನು ನಿಷೇಧಿಸಿತು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ತಿಂದು 23 ಮಕ್ಕಳು ತೀರಿಕೊಂಡರು. ಬಡಿಸುವ ಮೊದಲು ಊಟದ ರುಚಿ ನೋಡುವ ನಿಯಮ ಅಕ್ಷರ ದಾಸೋಹದ ಅಡುಗೆಮನೆಗಳಲ್ಲಿ ಬಿಗಿಯಾದದ್ದು ಅದರ ನಂತರ. ಕಾಫಿ, ಮೆಣಸಿಗೆ ಔಷಧ ಹೊಡೆಯುವ ಸೀಮೆಯಲ್ಲಿ ಆ ದುರಂತದ ಪಾಠ ಪರ ಊರಿನದಲ್ಲ. ಕೀಟನಾಶಕದ ಖಾಲಿ ಡಬ್ಬಿ ಮನೆಯೊಳಗೆ ನೀರಿನ ಡಬ್ಬಿಯಾಗಿ ಬಾಳುವುದನ್ನು ತಡೆಯಬಲ್ಲ ಮೊದಲ ವ್ಯಕ್ತಿ ಶಾಲೆಗೆ ಹೋಗುವ ಮಗು.

2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತ್‌ನಡಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮ ಈವರೆಗಿನ ಅತ್ಯಂತ ವ್ಯವಸ್ಥಿತ ರೂಪ. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು, ಹನ್ನೊಂದು ವಿಷಯಗಳು, ವಾರಕ್ಕೊಂದು ಗಂಟೆಯ ಪಾಠ. ಪೌಷ್ಟಿಕತೆಯಿಂದ ಮಾನಸಿಕ ಆರೋಗ್ಯದವರೆಗೆ, ಮಾದಕ ವಸ್ತುವಿನಿಂದ ಅಂತರ್ಜಾಲದ ಬಳಕೆಯವರೆಗೆ ಹರಹು ಇದೆ. ಇದನ್ನು ಮನಃಪೂರ್ವಕ ಸ್ವಾಗತಿಸಬೇಕು. ಆದರೆ ಆ ಹನ್ನೊಂದರಲ್ಲಿ ಆನೆ ಇಲ್ಲ.

ಬಿಕ್ಕೋಡಿನಲ್ಲಿ ಸುರಕ್ಷತೆ ಎಂದರೆ ಮೊದಲು ಆನೆ. ಆಲೂರು–ಸಕಲೇಶಪುರ–ಬೇಲೂರು ಸೀಮೆಯ ಕಾಡಾನೆಗಳು ಕಾಡಿನಿಂದ ಬಂದುಹೋಗುವ ಅತಿಥಿಗಳಾಗಿ ಉಳಿದಿಲ್ಲ, ತೋಟಗಳಲ್ಲೇ ನೆಲೆಸಿವೆ. ಹೈಕೋರ್ಟಿನ ನಿರ್ದೇಶನದಂತೆ ರಚನೆಯಾಗಿ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ 2012ರಲ್ಲಿ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆ, ಆಲೂರು–ಸಕಲೇಶಪುರದ ಆನೆಗಳನ್ನು ಹಿಡಿದು ಸಾಗಿಸಬೇಕೆಂದಿತು. 2014ರಲ್ಲಿ ಸೆರೆ ಕಾರ್ಯಾಚರಣೆ ನಡೆದರೂ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. 2022ರ ಕೊನೆಗೆ ಹಾಸನವೂ ಸೇರಿ ನಾಲ್ಕು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳು ರಚನೆಯಾದವು. 2025ರ ಮಾರ್ಚ್‌ನಲ್ಲಿ ಬಿಕ್ಕೋಡು ಸುತ್ತಮುತ್ತ ಮತ್ತೆ ಸೆರೆ ಕಾರ್ಯಾಚರಣೆ ನಡೆಯಿತು. ಆನೆ ಹಳ್ಳಿಯ ಹತ್ತಿರ ಇದ್ದರೆ ಶಾಲೆಗೆ ರಜೆ ಎಂಬುದು ಈ ಭಾಗದವರಿಗೆ ಹೊಸ ಸುದ್ದಿಯಲ್ಲ.

ಮಗುವಿನ ಎತ್ತರದಿಂದ ಈ ದಾರಿಯನ್ನು ನೋಡಬೇಕು. ರೋಬಸ್ಟಾ ಗಿಡ ಹತ್ತು ವರ್ಷದ ಹುಡುಗಿಗಿಂತ ಎತ್ತರ. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ ನೋಟವನ್ನು ಮತ್ತಷ್ಟು ಮುಚ್ಚುತ್ತದೆ. ತೋಟದ ನಡುವಿನ ತಿರುವಿನಲ್ಲಿ ಹತ್ತು ಮಾರು ಆಚೆ ನಿಂತ ಆನೆ ಕಾಣುವುದಿಲ್ಲ. ಹಗಲು ನೆರಳಲ್ಲಿ ನಿಲ್ಲುವ ಆನೆಗಳು ಓಡಾಡುವುದು ಹೆಚ್ಚಾಗಿ ಮುಂಜಾವು ಮತ್ತು ಮುಸ್ಸಂಜೆಯಲ್ಲಿ, ಅಂದರೆ ಮೊದಲ ಬಸ್ಸಿಗೆ ಹೊರಟ ಮಕ್ಕಳು ಮತ್ತು ಸ್ಪೆಷಲ್ ಕ್ಲಾಸ್ ಮುಗಿಸಿ ಬರುವ ಎಸ್ಸೆಸ್ಸೆಲ್ಸಿ ಮಕ್ಕಳು ದಾರಿಯಲ್ಲಿರುವ ಹೊತ್ತಿಗೆ. ಮಳೆಗಾಲದ ಆರಂಭಕ್ಕೆ ಹಲಸು, ನವೆಂಬರ್–ಡಿಸೆಂಬರ್‌ಗೆ ತೆನೆ ಬಲಿತ ಭತ್ತ ಅವುಗಳನ್ನು ಮನೆ ಬಾಗಿಲಿಗೇ ಕರೆಯುತ್ತವೆ. ಪಾಠದಲ್ಲಿ ಇರಬೇಕಾದದ್ದು ಇದು: ಯಾವ ತಿಂಗಳು ಯಾವ ದಾರಿ ಬಿಡಬೇಕು, ಒಂಟಿಯಾಗಿ ಯಾಕೆ ಹೋಗಬಾರದು, ಮರಿಯಿರುವ ಹೆಣ್ಣಾನೆಯ ಹತ್ತಿರ ಮೊಬೈಲು ಹಿಡಿದು ಹೋದವರ ಗತಿ ಏನು, ಕಣ್ಣು–ಕಿವಿಯ ನಡುವೆ ಮದಸ್ರಾವದ ಗುರುತು ಹೇಗಿರುತ್ತದೆ. ಕಾಲ ಬುಡದ ಅಪಾಯವೂ ಇದೆ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಕಡಿದ ಕಾಲಿಗೆ ಬಿಗಿಯಾಗಿ ಕಟ್ಟುವ, ಕೊಯ್ದು ರಕ್ತ ಬಿಡುವ ಪದ್ಧತಿಯನ್ನು ವೈದ್ಯರು ಕೈಬಿಟ್ಟಿದ್ದಾರೆ. ಕಾಲು ಅಲುಗಾಡಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆನ್ನುವುದು ಮಗುವಿನ ಬಾಯಲ್ಲಿ ಮಗ್ಗಿಯಂತೆ ನಿಲ್ಲಬೇಕು.

ಅಪಾಯ ಅಳೆಯುವ ಕೆಲಸ ಇಲ್ಲಿ ಆಗಿಯೇ ಇದೆ ಎಂಬುದು ಸಮಾಧಾನದ ಸಂಗತಿ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ತಮಿಳುನಾಡಿನ ವಾಲ್ಪಾರೈಯಲ್ಲಿ ರೂಪಿಸಿದ ಆನೆ ಮುನ್ಸೂಚನೆಯ ಕ್ರಮ ಅರಣ್ಯ ಇಲಾಖೆಯ ಜತೆಗೂಡಿ 2017ರ ಸುಮಾರಿಗೆ ಹಾಸನ ಜಿಲ್ಲೆಗೂ ಬಂತು. ಇಂದು ಆನೆ ಎಲ್ಲಿದೆ ಎಂಬುದು ಮೊಬೈಲಿಗೆ ಸಂದೇಶವಾಗಿ, ರಸ್ತೆ ಬದಿಯ ಡಿಜಿಟಲ್ ಫಲಕದಲ್ಲಿ ಅಕ್ಷರವಾಗಿ ಬರುತ್ತದೆ. ಮೂಡಿಗೆರೆಯ ಮಲೇರಿಯಾ ಕೇಂದ್ರದಂತೆ ಇದೂ ನೆಲದಿಂದ ಬಂದ ಮಾಹಿತಿ. ಅದು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಕರಿಹಲಗೆ ಮುಟ್ಟುವುದು ಶಿಕ್ಷಕರ ವೈಯಕ್ತಿಕ ಕಾಳಜಿಗೆ ಬಿಟ್ಟ ವಿಷಯವಾಗಬಾರದು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ 2010ರಲ್ಲಿ ರೂಪಿಸಿದ ಮಾದರಿ ನಿಯಮಗಳು ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ದೂರವನ್ನು ನಿಗದಿ ಮಾಡುತ್ತವೆ. ದುರ್ಗಮ ಭೂಪ್ರದೇಶ, ಭೂಕುಸಿತ, ಪ್ರವಾಹ ಅಥವಾ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯವಿದ್ದರೆ ಆ ಮಿತಿಯನ್ನು ಕಡಿಮೆ ಮಾಡಿ ಶಾಲೆ ಇರುವಂತೆ ನೋಡಿಕೊಳ್ಳಬೇಕೆಂದೂ ಹೇಳುತ್ತವೆ. ಸುರಕ್ಷತೆಯ ಇಡೀ ಚರಿತ್ರೆಯಲ್ಲಿ ಕಾಂಪೌಂಡು ದಾಟಿ ಮಗುವಿನ ದಾರಿಗೆ ಕಣ್ಣು ಹಾಯಿಸಿದ ಅಪರೂಪದ ಸಾಲು ಇದು. ಮಕ್ಕಳು ಕಡಿಮೆಯೆಂಬ ಕಾರಣಕ್ಕೆ ತೋಟದ ನಡುವಿನ ಸಣ್ಣ ಶಾಲೆಯನ್ನು ದೊಡ್ಡ ಶಾಲೆಯ ಜತೆ ವಿಲೀನ ಮಾಡುವ ಮೊದಲು ಅಧಿಕಾರಿಗಳು ಓದಬೇಕಾದ ಸಾಲೂ ಇದೇ.

ಪಾಲಕರ ಕೈಯಲ್ಲೂ ಒಂದು ಸಾಧನವಿದೆ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಪ್ರಕರಣದಂತೆ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಶಾಲೆಯ ಸಮಿತಿ, ನಮ್ಮಲ್ಲಿ ಎಸ್‌ಡಿಎಂಸಿ. ಅದು ಮೂರು ವರ್ಷದ ಯೋಜನೆ, ವರ್ಷವರ್ಷಕ್ಕೆ ಬಿಡಿಸಿ ಬರೆಯುವಂಥದ್ದು, ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮೊದಲೇ ಸಿದ್ಧವಾಗಬೇಕಾದ್ದು. ಡಿಸೆಂಬರ್ ಕೊನೆ ಎಂದಾಯಿತು, ಗದ್ದೆಗೆ ಆನೆ ಬೀಳುವ ಕಾಲ. ಬಿಕ್ಕೋಡಿನ ಎಸ್‌ಡಿಎಂಸಿ ಸದಸ್ಯರು ಆ ಸಭೆಯಲ್ಲಿ ಶಾಲಾ ಕೊಠಡಿಯ ಹೆಂಚಿನ ಜತೆಗೆ ಮಕ್ಕಳು ನಡೆಯುವ ದಾರಿಗಳ ನಕ್ಷೆ, ಸಂಜೆಯ ವಾಹನ, ಬೆಳಗಿನ ಆನೆ ಸಂದೇಶ ಓದುವ ಹೊಣೆ ಯಾರದೆಂಬುದನ್ನೂ ಬರೆಸಬಹುದು.