ದೊಡ್ಡಕ್ಷರವಿಲ್ಲದ ಲಿಪಿಯಲ್ಲಿ ಕ್ಲಾಸಿನ ಹೆಸರು

ಕ್ಲಾಸಿನ ಹೆಸರು ದೊಡ್ಡಕ್ಷರದಿಂದ, ವೇರಿಯಬಲ್‌ನ ಹೆಸರು ಸಣ್ಣಕ್ಷರದಿಂದ ಶುರುವಾಗಬೇಕೆಂಬ ರೂಢಿ ಸ್ಮಾಲ್‌ಟಾಕ್-80ರ ಕಾಲದಷ್ಟು ಹಳೆಯದು. 1990ರ ದಶಕದಲ್ಲಿ ಸನ್ ಕಂಪನಿ ಜಾವಾಕ್ಕಾಗಿ ಹೊರತಂದ ಕೋಡ್ ಸೂತ್ರಗಳೂ ಪೈಥಾನ್‌ನ 2001ರ ಪೆಪ್ 8 ಕೂಡ ಇದನ್ನೇ ಹೇಳುತ್ತವೆ. ಅದರ ಉಪಯೋಗದ ಬಗ್ಗೆ ತಕರಾರಿಲ್ಲ. ಮೊದಲಕ್ಷರ ನೋಡಿದರೆ ಅಚ್ಚು ಯಾವುದು, ಎರಕ ಯಾವುದು ತಿಳಿಯುತ್ತದೆ. ಆದರೆ ಈ ಗುರುತನ್ನು ಕೊಟ್ಟದ್ದು ರೋಮನ್ ಲಿಪಿ. (ಈ ಲೇಖನದ ಲಿಪಿಯಲ್ಲಿ ಅದನ್ನು ಬರೆದು ತೋರಿಸಲೂ ಆಗದು.) ರೂಢಿಯಾಗಿದ್ದಷ್ಟು ದಿನ ಅದರಿಂದ ಅಪಾಯವಿಲ್ಲ, ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣವೇ ಅದನ್ನು ಕಡ್ಡಾಯ ಮಾಡಿದಾಗ ಕನ್ನಡದಂಥ ಲಿಪಿಗಳು ಹೊರಗುಳಿಯುತ್ತವೆ ಎಂಬುದು ನನ್ನ ವಾದ.

ಜಾವಾದಲ್ಲಿ ‘ಖಾತೆ’ ಎಂಬ ಕ್ಲಾಸು ಯಾವ ತೊಡಕೂ ಇಲ್ಲದೆ ಕಂಪೈಲ್ ಆಗುತ್ತದೆ. ರೂಬಿಯಲ್ಲಿ ಅದೇ ಹೆಸರು ವೇರಿಯಬಲ್ ಆಗಬಹುದು, ಕ್ಲಾಸ್ ಆಗಲಾರದು. ಅಲ್ಲಿ ಕ್ಲಾಸಿನ ಹೆಸರು ಕಾನ್‌ಸ್ಟಂಟ್ ಆಗಿರಬೇಕು, ಕಾನ್‌ಸ್ಟಂಟ್ ದೊಡ್ಡಕ್ಷರದಿಂದಲೇ ಶುರುವಾಗಬೇಕು. ಗೋ ಭಾಷೆ ಇನ್ನೂ ಬಿಗಿ. ಪ್ಯಾಕೇಜಿನ ಹೊರಗೆ ಕಾಣಬೇಕಾದ ಹೆಸರಿಗೆ ಅಲ್ಲಿ ದೊಡ್ಡಕ್ಷರ ಬೇಕೇ ಬೇಕು. ಸಾಲದ್ದಕ್ಕೆ, ಹೆಸರಿನೊಳಗೆ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೇನೂ ಸಲ್ಲದು. ಯೂನಿಕೋಡ್ ನಮ್ಮ ಸ್ವರಚಿಹ್ನೆಗಳನ್ನು ಅಕ್ಷರಗಳ ಲೆಕ್ಕಕ್ಕೆ ಸೇರಿಸದೆ ಕೂಡುಚಿಹ್ನೆಗಳ ಗುಂಪಿಗೆ ಹಾಕಿದೆ. ಹಾಗಾಗಿ ‘ಹಣ’, ‘ದರ’ ಒಳಗಿನ ಬಳಕೆಗಾದರೂ ಪಾಸಾಗುತ್ತವೆ, ‘ಸಾಲ’ ಅದಕ್ಕೂ ಆಗದು. ಇಷ್ಟು ವಿಚಿತ್ರವಾದ ಗಡಿಯನ್ನು ಯಾರೂ ಬೇಕೆಂದು ಎಳೆದಿರಲಾರರು.

ಕನ್ನಡದಲ್ಲಿ ಕೋಡ್ ಬರೆಯುವವರು ಯಾರಿದ್ದಾರೆ ಎಂಬ ಆಕ್ಷೇಪ ಸಹಜ. ಉದ್ಯಮದ ಮಟ್ಟಿಗೆ ಅದು ಸರಿ. ಪೈಥಾನ್ ಕೂಡ ತನ್ನ ಪ್ರಮಾಣಿತ ಗ್ರಂಥಾಲಯಕ್ಕೆ ಆಸ್ಕಿ ಹೆಸರುಗಳನ್ನೇ ಕೇಳುತ್ತದೆ. ಆದರೂ ಇಂಗ್ಲಿಷ್ ಚೆನ್ನಾಗಿ ಬಾರದವರನ್ನು ಲೆಕ್ಕಕ್ಕೆ ಹಿಡಿದು 2007ರ ಪೆಪ್ 3131 ಇತರ ಲಿಪಿಗಳಿಗೆ ಬಾಗಿಲು ತೆರೆಯಿತು. ಹಂಚಿಕೊಳ್ಳುವ ಕೋಡಿಗೆ ಒಂದು ಶಿಸ್ತು, ಕಲಿಯುವವರ ಕೋಡಿಗೆ ಸಡಿಲ: ಇದನ್ನು ರೂಢಿ ನಿಭಾಯಿಸಬಲ್ಲದು, ವ್ಯಾಕರಣ ನಿಭಾಯಿಸಲಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಗುರುತಿಲ್ಲದಿದ್ದರೆ ಗೊಂದಲ ಎನ್ನುವುದು. ಪೈಥಾನ್‌ನಲ್ಲಿ ‘ಖಾತೆ = ಖಾತೆ()’ ಎಂದು ಬರೆದರೆ ಆ ಸಾಲು ಓಡುತ್ತದೆ, ಆದರೆ ಕ್ಲಾಸಿನ ಹೆಸರನ್ನು ವಸ್ತು ನುಂಗಿಹಾಕುತ್ತದೆ; ಎರಡನೇ ಖಾತೆ ತೆರೆಯಲು ಹೋದಾಗ ಎರರ್ ಬರುತ್ತದೆ. ಗುರುತು ಬೇಕು, ನಿಜ. ಅದು ದೊಡ್ಡಕ್ಷರವೇ ಆಗಬೇಕಿಲ್ಲ ಎಂಬುದಕ್ಕೆ ಸ್ಮಾಲ್‌ಟಾಕ್‌ನಲ್ಲೇ ಸಾಕ್ಷಿಯಿದೆ: ಅಲ್ಲಿನವರು ಪ್ಯಾರಾಮೀಟರ್‌ನ ಹೆಸರಿಗೆ ಇಂಗ್ಲಿಷಿನ ‘ಎ’, ‘ಆ್ಯನ್’ ಹಚ್ಚಿ, ಇದು ಆ ಕ್ಲಾಸಿನ ಯಾವುದೋ ಒಂದು ವಸ್ತು ಎಂದು ಸೂಚಿಸುತ್ತಿದ್ದರು. ಕ್ಲಾಸಿಗೆ ‘ಖಾತೆ’, ವಸ್ತುವಿಗೆ ‘ಈ_ಖಾತೆ’ ಅಥವಾ ‘ಹೊಸ_ಖಾತೆ’ ಎಂದು ಇಟ್ಟರೆ ಪೈಥಾನ್, ಜಾವಾ ಎರಡೂ ಇವತ್ತೇ ಒಪ್ಪುತ್ತವೆ.