ಧ್ವನಿಯ ಜಾಡು

ಬೆಂಗಳೂರಿನ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ, ಹೂಡಿಯನ್ನು ಮುಟ್ಟುವ ಮೊದಲೇ ಸಿಗುವ ಗರುಡಾಚಾರ್‌ಪಾಳ್ಯವನ್ನು ಇಂದಿನವರು ಸಾಫ್ಟ್‌ವೇರ್ ಕಚೇರಿಗಳ ನೆರೆಯೂರೆಂದಷ್ಟೇ ಬಲ್ಲರಾದರೂ, ಈ ಸೀಮೆಗೂ ಧ್ವನಿಯಂತ್ರಗಳಿಗೂ ಇರುವ ನಂಟು ಅದಕ್ಕಿಂತ ಬಹಳ ಹಳೆಯದು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಇಲ್ಲಿಗೆ ಅನತಿದೂರದಲ್ಲಿ ಸ್ಥಾಪಿತವಾದ ಐ.ಟಿ.ಐ. (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯು, ದೂರವಾಣಿನಗರವೆಂಬ ಬಡಾವಣೆಗೇ ಕಾರಣವಾಗಿ, ಮನುಷ್ಯನ ಮಾತನ್ನು ತಂತಿಯಲ್ಲಿ ಸಾಗಿಸುವ ಯಂತ್ರಗಳ ನಿರ್ಮಾಣವನ್ನು ಅನೇಕ ಸಂಸಾರಗಳ ಜೀವನೋಪಾಯವನ್ನಾಗಿಸಿತು. ಮನೆಯ ಕಂಪ್ಯೂಟರಿನ ಮೂಕತನವನ್ನು ನೀಗಿಸುವ ವಿದ್ಯೆಯ ಪೂರ್ವಕಥೆಯನ್ನು ಬರೆಯಲು ಇದು ಉಚಿತವಾದ ಸ್ಥಳವೆಂದೇ ನನ್ನ ಭಾವನೆ.

1981ರ ಐ.ಬಿ.ಎಂ. ಪಿ.ಸಿ.ಗೆ ಕೀರಲು ದನಿಯ ಪುಟ್ಟ ಸ್ಪೀಕರೊಂದೇ ಗತಿಯಾಗಿದ್ದಿತು; 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯು ಸೌಂಡ್ ಬ್ಲಾಸ್ಟರ್ ಕಾರ್ಡನ್ನು ಹೊರತಂದ ತರುವಾಯ ಸಂಗೀತವೂ ಮಾತೂ ಅಂಥ ಯಂತ್ರಗಳಿಗೆ ಸುಲಭಸಾಧ್ಯವಾದುವು. ಆದರೆ ಪ್ರಿಂಟರಿನ ಪೋರ್ಟಿಗೆ ಮೀಸಲಾದ ಏಳನೆಯ ಐ.ಆರ್.ಕ್ಯೂ.ವನ್ನೇ, ಎಂದರೆ ಪ್ರೊಸೆಸರಿನ ಗಮನ ಸೆಳೆಯುವ ಸಂಕೇತದ ದಾರಿಯನ್ನೇ, ಕಾರ್ಡೂ ಹಿಡಿದರೆ ಎರಡಕ್ಕೂ ಘರ್ಷಣೆಯುಂಟಾಗಿ ಶಬ್ದವು ಅಡಗುವ ಸಂಭವವಿದ್ದುದರಿಂದ, ಬಲ್ಲವರು ಕಾರ್ಡಿನ ಜಂಪರನ್ನು, ಎಂದರೆ ಪಿನ್ನುಗಳನ್ನು ಕೂಡಿಸುವ ಪುಟ್ಟ ತುಣುಕನ್ನು, ಕಿತ್ತು ಐದರ ಪಿನ್ನಿಗೆ ಕೂರಿಸಿ, ಆಟೋಎಕ್ಸೆಕ್ ಫೈಲಿನಲ್ಲಿಯೂ ಅದೇ ಅಂಕಿಯನ್ನು ಬರೆಯುತ್ತಿದ್ದರು.

1997ರಲ್ಲಿ ಇಂಟೆಲ್ ರೂಪಿಸಿದ ಎ.ಸಿ. 97 ಎಂಬ ವ್ಯವಸ್ಥೆಯಿಂದ ಧ್ವನಿಯು ಮದರ್‌ಬೋರ್ಡಿನಲ್ಲಿಯೇ ನೆಲೆಗೊಂಡು, ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು ಅಸೆಂಬಲ್ ಮಾಡಿಸಿದ ಕಂಪ್ಯೂಟರುಗಳಿಗೆ ಬೇರೆ ಕಾರ್ಡಿನ ಖರ್ಚು ಉಳಿಯಿತು. ದೋಷದ ಸ್ವರೂಪವೂ ಬದಲಾಯಿತು. ವಿಂಡೋಸನ್ನು ಹೊಸದಾಗಿ ಹಾಕಿದಾಗ ಡ್ರೈವರ್ ಸಿ.ಡಿ. ಕಳೆದುಹೋಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆಯು ಕಾಣಿಸುತ್ತಿತ್ತು. ಅದಾದರೂ ತನ್ನ ಕಾರಣವನ್ನು ತಾನೇ ಸಾರುವ ದೋಷ. ಕ್ಯಾಬಿನೆಟ್ ಬದಲಾಯಿಸಿದ ಮನೆಗಳದು ಇನ್ನೂ ಸೂಕ್ಷ್ಮವಾದ ಸಂಕಟ: ಡ್ರೈವರ್ ಸರಿ, ವಾಲ್ಯೂಮ್ ಸರಿ, ಹಸಿರು ತೂತಿನಲ್ಲಿ ಸ್ಪೀಕರಿನ ಪಿನ್ನೂ ಭದ್ರ, ಆದರೂ ನಿಶ್ಶಬ್ದ. ಬೋರ್ಡಿನಿಂದ ಹೊರಟ ಧ್ವನಿಯು ಮುಂಭಾಗದ ಹೆಡ್‌ಫೋನ್ ತೂತನ್ನು ಬಳಸಿಕೊಂಡು ಹಿಂಭಾಗಕ್ಕೆ ಬರುವಂತೆ ಅದರ ಮಾರ್ಗವಿದ್ದುದರಿಂದ, ಮುಂಭಾಗದ ವೈರು ಇಲ್ಲದಲ್ಲಿ, ಆ ವೈರಿಗೆಂದು ಬೋರ್ಡಿನಲ್ಲಿದ್ದ ಪಿನ್ನುಗಳಲ್ಲಿ ಐದನೆಯದನ್ನು ಆರಕ್ಕೂ ಒಂಬತ್ತನೆಯದನ್ನು ಹತ್ತಕ್ಕೂ ಜಂಪರುಗಳಿಂದ ಕೂಡಿಸಬೇಕಾಗಿದ್ದಿತು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ಎರಡು ತುಣುಕುಗಳು ಬಿದ್ದುಹೋದರೆ ಎಡ ಬಲ ಎರಡು ಸ್ಪೀಕರುಗಳೂ ಒಮ್ಮೆಗೇ ಮೂಕವಾಗುತ್ತಿದ್ದುವು. ಬೋರ್ಡನ್ನೇ ಬದಲಾಯಿಸಿ ಹಣ ಎಣಿಸುವವನಿಗಿಂತ, ಧ್ವನಿಯು ಎಲ್ಲಿಂದ ಹೊರಟು ಎಲ್ಲಿ ನಿಂತಿತೆಂದು ಜಾಡು ಹಿಡಿದು, ಆ ತುಣುಕುಗಳನ್ನು ಪಿನ್ನಿಗೆ ತೊಡಿಸಿ ಕೊಡುವ ರಿಪೇರಿಯವನೇ ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ನಿಜವಾದ ವಿದ್ವಾಂಸನು; ಅವನ ಹೆಸರನ್ನು ಯಾವ ಇತಿಹಾಸವೂ ಬರೆದಿಡದಿರುವುದು ನನಗೆ ವ್ಯಥೆಯ ಸಂಗತಿ.

2004ರಲ್ಲಿ ಬಂದ ಎಚ್.ಡಿ. ಆಡಿಯೊ ವ್ಯವಸ್ಥೆಯು ಮುಂದಿನ ತೂತಿಗೂ ಹಿಂದಿನದಕ್ಕೂ ಬೇರೆ ಬೇರೆ ಮಾರ್ಗವನ್ನು ಕಲ್ಪಿಸಿದುದರಿಂದ ಆ ಜಂಪರುಗಳ ಅಗತ್ಯ ತಪ್ಪಿತು. ಅದಕ್ಕೂ ಹಿಂದಿನ ಯಂತ್ರವನ್ನು ಇನ್ನೂ ಇರಿಸಿಕೊಂಡವರು ಅವುಗಳನ್ನು ಅರಸಬೇಕಾದರೆ, ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಮಾರ್ಗ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆಯಬಹುದು.