ಶಸ್ತ್ರಚಿಕಿತ್ಸೆಗೆ ಮುನ್ನ ಆಲ್ಕೋಹಾಲ್‌ನಿಂದ ಕೈ ಸೋಂಕುನಿವಾರಣೆ

ಆಪರೇಷನ್‌ಗೆ ನಿಲ್ಲುವ ವೈದ್ಯರು, ನರ್ಸುಗಳು ಗ್ಲೌಸ್ ತೊಡುವ ಮೊದಲು ಬೆರಳ ತುದಿಯಿಂದ ಮೊಣಕೈವರೆಗೆ ಆಲ್ಕೋಹಾಲ್ ದ್ರಾವಣ ಹಚ್ಚಿ, ಆರುವವರೆಗೆ ಉಜ್ಜಿಕೊಳ್ಳುವ ವಿಧಾನ. ಗ್ಲೌಸ್ ಇದ್ದರೂ ಇದು ಬೇಕೇಬೇಕು. ಏಕೆಂದರೆ ಕೆಲಸದ ನಡುವೆ ಗ್ಲೌಸ್ ಕಣ್ಣಿಗೆ ಕಾಣದಂತೆ ತೂತಾಗುವುದುಂಟು.

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯ ಸೆಮ್ಮೆಲ್‌ವೈಸ್ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ತಗ್ಗಿಸಿದರು. 1867ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಲಿಸ್ಟರ್ ಗಾಯದ ಸೋಂಕು ತಡೆಯುವ ಕಾರ್ಬಾಲಿಕ್ ಆಮ್ಲದ ಪದ್ಧತಿಯನ್ನು ಪ್ರಕಟಿಸಿದರು. ಕೈಗೆ ಆಲ್ಕೋಹಾಲ್ ಬಂದದ್ದು 1888ರಲ್ಲಿ, ಜರ್ಮನಿಯ ವೈದ್ಯ ಫ್ಯೂರ್‌ಬ್ರಿಂಗರ್ ಅವರಿಂದ. ಆದರೂ ಬ್ರಷ್ ಹಿಡಿದು ನಲ್ಲಿಯ ಕೆಳಗೆ ತಿಕ್ಕುವ ರೂಢಿಯೇ ಬಹುಕಾಲ ಬಹಳ ಕಡೆ ಉಳಿಯಿತು.

ಆ ರೂಢಿಯನ್ನು ಅಲುಗಿಸಿದ್ದು 2002ರ ಫ್ರಾನ್ಸ್ ಅಧ್ಯಯನ. ಆರು ಆಸ್ಪತ್ರೆಗಳ 4,387 ರೋಗಿಗಳಲ್ಲಿ ಗಾಯದ ಸೋಂಕು ಆಲ್ಕೋಹಾಲ್ ಬಳಸಿದಾಗ ಶೇ. 2.44, ಔಷಧಯುಕ್ತ ಸಾಬೂನಿನಿಂದ ತಿಕ್ಕಿದಾಗ ಶೇ. 2.48. ಧಾರವಾಡ ಜಿಲ್ಲೆಯ ಕಲಘಟಗಿಯಂಥ ಗ್ರಾಮೀಣ ತಾಲೂಕಿನ ಸ್ಥಿತಿಗೆ ಇನ್ನೂ ಹತ್ತಿರದ್ದು 2010ರಲ್ಲಿ ಪ್ರಕಟವಾದ ಕೀನ್ಯಾದ ಅಧ್ಯಯನ. ಅಲ್ಲಿನ ಗ್ರಾಮೀಣ ಆಸ್ಪತ್ರೆಯೊಂದರ 3,317 ರೋಗಿಗಳಲ್ಲಿ ಆಲ್ಕೋಹಾಲ್‌ಗೆ ಶೇ. 8.3, ಬರೀ ಸಾಬೂನು-ನೀರಿಗೆ ಶೇ. 8.0. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗಾದರೆ ಆಯ್ಕೆಯನ್ನು ನಿರ್ಧರಿಸುವುದು ನೀರು ಮತ್ತು ವೇಳೆ. ಕಲಘಟಗಿಯಿಂದ ದೊಡ್ಡ ಕೇಸುಗಳು ಸುಮಾರು 30 ಕಿ.ಮೀ. ದೂರದ ಹುಬ್ಬಳ್ಳಿಗೆ, 1957ರಲ್ಲಿ ಆರಂಭವಾದ, ಜನ ಕಿಮ್ಸ್ ಎನ್ನುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುತ್ತವೆ. ಆದರೆ ಸಿಸೇರಿಯನ್, ಸಂತಾನಶಕ್ತಿಹರಣದಂಥವು ತಾಲೂಕು ಮಟ್ಟದಲ್ಲೇ ಆಗಬೇಕಾದವು. ಕರೆಂಟ್ ಹೋಗಿ ಟ್ಯಾಂಕಿಗೆ ನೀರು ಏರದ ದಿನವೂ ಹೆರಿಗೆ ಕಾಯುವುದಿಲ್ಲ. ಅಂಥಲ್ಲಿ ಬಾಟಲಿಯ ದ್ರಾವಣ ದೊಡ್ಡ ಆಸರೆ.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಪ್ರಕಾರ ಸ್ಥಳೀಯವಾಗಿಯೇ ತಯಾರಿಸಬಹುದಾದ ದ್ರಾವಣದಲ್ಲಿ ಶೇ. 80 ಎಥನಾಲ್ ಅಥವಾ ಶೇ. 75 ಐಸೊಪ್ರೊಪೈಲ್ ಆಲ್ಕೋಹಾಲ್ ಇರುತ್ತದೆ. ಚರ್ಮ ಒಡೆಯದಿರಲು ಗ್ಲಿಸರಿನ್, ದ್ರಾವಣದಲ್ಲೇ ಉಳಿದಿರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳ (ಸ್ಪೋರ್) ನಾಶಕ್ಕೆ ಹೈಡ್ರೋಜನ್ ಪೆರಾಕ್ಸೈಡ್. ನೀರಿನಂಶ ಬೇಕು, ಏಕೆಂದರೆ ಅದಿಲ್ಲದೆ ರೋಗಾಣುವಿನ ಪ್ರೋಟೀನು ಸುಲಭವಾಗಿ ಕೆಡುವುದಿಲ್ಲ. 2020ರಲ್ಲಿ, ಕೋವಿಡ್ ವೇಳೆ, ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳೂ ಸ್ಯಾನಿಟೈಸರ್ ತಯಾರಿಸಿದವು. ಆದರೆ ಅಂಗಡಿಯ ಸಾಮಾನ್ಯ ಜೆಲ್ಲನ್ನು ಆಪರೇಷನ್ ಥಿಯೇಟರಿಗೆ (ಓ.ಟಿ.) ಒಯ್ಯುವುದು ತಪ್ಪು.

ಕ್ರಮ ಹೀಗೆ: ಮೊಣಕೈಯಿಂದ ಪಂಪ್ ಒತ್ತಿ ಅಂಗೈಗೆ ಸುಮಾರು 5 ಮಿ.ಲೀ. ತೆಗೆದುಕೊಂಡು, ಮೊದಲು ಇನ್ನೊಂದು ಕೈಯ ಬೆರಳ ತುದಿಗಳನ್ನು ಅದರಲ್ಲಿ ಅದ್ದಬೇಕು, ಉಗುರಿನ ಸಂದಿಗೆ ಇಳಿಯುವಂತೆ. ಬಳಿಕ ಆ ತೋಳಿಗೆ ಮೊಣಕೈವರೆಗೆ ಹಚ್ಚಬೇಕು. ಆಮೇಲೆ ಮತ್ತೊಂದು ತೋಳು, ಕೊನೆಗೆ ಮಣಿಕಟ್ಟಿನವರೆಗೆ ಎರಡೂ ಕೈ. ತಯಾರಕರು ಹೇಳಿದಷ್ಟು ಹೊತ್ತು ಚರ್ಮ ಒದ್ದೆಯಾಗಿಯೇ ಇರಬೇಕು; ಸಾಮಾನ್ಯವಾಗಿ ಒಂದೂವರೆಯಿಂದ ಮೂರು ನಿಮಿಷ. ಕೊಳೆ, ರಕ್ತ ಮೆತ್ತಿದ ಕೈಗೆ ಇದು ಸಾಲದು, ಬೀಜಾಣುಗಳಿಗಂತೂ ನಾಟುವುದೇ ಇಲ್ಲ. ಆದ್ದರಿಂದ ಓ.ಟಿ.ಗೆ ಬಂದೊಡನೆ ಸಾಬೂನಿನಿಂದ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿಕೊಂಡ ಮೇಲೆಯೇ ಆಲ್ಕೋಹಾಲ್ ಹಚ್ಚಬೇಕು.